ಸೌದೆ, ನೀರು, ಬಿಸಿಲು: ನಮ್ಮ ಸೀಮೆಯ ಶಕ್ತಿಯ ಚರಿತ್ರೆ

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಎಂಬ ಊರಿದೆ. ಊರಿಗೆ ಹೊಂದಿಕೊಂಡಿರುವ ಮೀಸಲು ಅರಣ್ಯಕ್ಕೂ ಅದೇ ಹೆಸರು. ರಾಗಿಯ ಕೊಯ್ಲಿನ ಕಾಲ ಬಂದಿತೆಂದರೆ, ಜವಳಗಿರಿ, ದೆಂಕಣಿಕೋಟೆಗಳ ಕಡೆಯ ಕಾಡುಗಳಿಂದ ಆನೆಗಳು ಹಿಂಡುಹಿಂಡಾಗಿ ಇಲ್ಲಿಗೆ ಬರುತ್ತವೆ. ಹಗಲೆಲ್ಲ ಮರಗಳ ನೆರಳಿನಲ್ಲಿ ನಿಂತಿದ್ದು, ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತವೆ. ವರ್ಷವಿಡೀ ದುಡಿದ ಒಕ್ಕಲಿಗನ ಮೆದೆ ಒಂದೇ ಇರುಳಿನಲ್ಲಿ ಹಾಳಾಗುವುದುಂಟು. ಆದುದರಿಂದಲೇ ಈ ಭಾಗದ ಕಾಡಂಚಿನ ಹೊಲಗಳಲ್ಲಿ ಬಿಸಿಲಿನಿಂದ ನಡೆಯುವ ವಿದ್ಯುತ್ ಬೇಲಿಗಳನ್ನು ಕಾಣುತ್ತೇವೆ. ಒಂದು ಹಲಗೆ ಹಗಲಿನ ಬಿಸಿಲನ್ನು ಹೀರುತ್ತದೆ. ಅದರ ಬುಡದ ಪೆಟ್ಟಿಗೆಯಲ್ಲಿರುವ ಬ್ಯಾಟರಿ ಆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಇರುಳಿನಲ್ಲಿ ತಂತಿಗೆ ಕ್ಷಣಕ್ಕೊಮ್ಮೆ ಒಂದು ಸಣ್ಣ ಮಿಡಿತವನ್ನು ಕಳುಹಿಸುತ್ತದೆ. ಆನೆ ಅದನ್ನು ಮುಟ್ಟಿದರೆ ಬೆಚ್ಚಿ ಹಿಂದೆಗೆಯುವುದೇ ಹೊರತು ಸಾಯುವುದಿಲ್ಲ.

ಆದರೆ ಕಂಬದಿಂದ ನೇರವಾಗಿ ಕದ್ದೆಳೆದ ವಿದ್ಯುತ್ತನ್ನು ಬೇಲಿಗೆ ಹಾಯಿಸಿದರೆ ಪರಿಣಾಮವೇ ಬೇರೆ. 2023ರ ಮಾರ್ಚಿ ತಿಂಗಳಲ್ಲಿ ರಾಯಕೋಟೆಯಿಂದಾಚೆ, ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಅಂಥ ಅಕ್ರಮ ಬೇಲಿಗೆ ಸಿಕ್ಕಿ ಮೂರು ಹೆಣ್ಣಾನೆಗಳು ಸತ್ತುವು. ಎರಡು ಮರಿಗಳು ಉಳಿದುವು. ತಂತಿಯು ಅದೇ ತಂತಿ, ಶಕ್ತಿಯೂ ಅದೇ ವಿದ್ಯುಚ್ಛಕ್ತಿ. ಅದು ಎಲ್ಲಿಂದ ಬಂದಿತು, ಹೇಗೆ ಕೂಡಿಡಲ್ಪಟ್ಟಿತು, ಯಾರ ಹೊಲವನ್ನು ಹಾದು ಬಂದಿತು ಎಂಬುದರ ಮೇಲೆ ಅದರ ಗುಣಾವಗುಣಗಳು ನಿಂತಿವೆ.

ಕಲ್ಲಿದ್ದಲು, ಎಣ್ಣೆಗಳನ್ನು ಬಿಟ್ಟು ಬಿಸಿಲು, ಗಾಳಿ, ನೀರುಗಳಂಥ ಬರಿದಾಗದ ಶಕ್ತಿಗೆ ಹೊರಳಬೇಕೆಂಬ ಮಾತು ಇಂದು ಪಾಠಪುಸ್ತಕಗಳಲ್ಲಿಯೂ ಬಂದಿದೆ. ಈ ಹೊರಳುವಿಕೆಯು ಮನುಷ್ಯನಿಗೆ ಇದೇ ಮೊದಲು ಒದಗಿದುದೆಂದು ವಿದ್ಯಾರ್ಥಿಗಳು ತಿಳಿಯುವುದು ಸಹಜ. ವಾಸ್ತವವಾಗಿ ನಮ್ಮ ಈ ಗಡಿನಾಡು ಅಂಥ ಹೊರಳುವಿಕೆಗಳನ್ನು ಮತ್ತೆಮತ್ತೆ ಕಂಡಿದೆ. ಅವುಗಳಲ್ಲಿ ಒಂದಂತೂ ಜಗತ್ತಿನ ಕಣ್ಣನ್ನು ಸೆಳೆದಂಥದು. ಆ ಚರಿತ್ರೆಯನ್ನು ಅರಿತರೆ ಇಂದಿನ ವಾದವಿವಾದಗಳು ಅಷ್ಟು ಹೊಸತಾಗಿ ತೋರವು.

ಮೊದಲು ಸೌದೆಯ ಮಾತು. ಬಾರಾಮಹಲು 1792ರಲ್ಲಿಯೂ, ಹೊಸೂರು ಸೀಮೆಯು ಶ್ರೀರಂಗಪಟ್ಟಣ ಬಿದ್ದ 1799ರ ಬಳಿಕವೂ ಕಂಪನಿಯವರ ಕೈಸೇರಿ, ಎರಡೂ ಸೇಲಂ ಜಿಲ್ಲೆಗೆ ಒಳಪಟ್ಟುವು. (ಧರ್ಮಪುರಿ ಜಿಲ್ಲೆ ಬೇರ್ಪಟ್ಟುದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆ 2004ರಲ್ಲಿ.) ಆ ಕಾಲದ ಶಕ್ತಿಯೆಂದರೆ ಎತ್ತಿನ ಹೆಗಲು ಮತ್ತು ಕಾಡಿನ ಕಟ್ಟಿಗೆ. 1830ರ ದಶಕದಲ್ಲಿ ಹೀತ್ ಎಂಬ ಆಂಗ್ಲನು ಸೇಲಂ ಸೀಮೆಯ ಅದಿರನ್ನು ನೆಚ್ಚಿ ಕಡಲತೀರದ ಪರಂಗಿಪೇಟೆಯಲ್ಲಿ ಕಬ್ಬಿಣದ ದೊಡ್ಡ ಕುಲುಮೆಗಳನ್ನು ಹೂಡಿದನು. ಅದಿರಿಗೆ ಕೊರತೆಯಿರಲಿಲ್ಲ; ಕೊರತೆ ಬಂದುದು ಇದ್ದಿಲಿಗೆ. ಒಂದು ಟನ್ನು ಕಬ್ಬಿಣ ಕರಗಬೇಕಾದರೆ ಅದಕ್ಕೆ ಹಲವು ಪಾಲು ಹೆಚ್ಚಿನ ಮರ ಸುಟ್ಟು ಇದ್ದಿಲಾಗಬೇಕು. ಹತ್ತಿರದ ಮರ ತೀರಿತು, ದೂರದ ಮರಕ್ಕೆ ಬಂಡಿಯ ಬಾಡಿಗೆ ಏರಿತು, ಕೆಲವು ದಶಕಗಳಲ್ಲಿ ಕುಲುಮೆಗಳು ತಣ್ಣಗಾದುವು.

ಅನಂತರ ಬಂದುದು ರೈಲು. ಮದರಾಸಿನಿಂದ ಮೊದಲ ರೈಲು ಹೊರಟುದು 1856ರಲ್ಲಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಶಾಖೆ ತೆರೆದುದು 1864ರಲ್ಲಿ. ಆ ಇಂಜಿನುಗಳ ಒಲೆಗೆ ಬಿದ್ದುದು ಬಹುಮಟ್ಟಿಗೆ ನಮ್ಮ ಕಾಡುಗಳ ಸೌದೆ. ಕಾಡು ಕರಗುವುದನ್ನು ಕಂಡು ಸರ್ಕಾರದವರು 1882ರ ಮದರಾಸು ಅರಣ್ಯ ಶಾಸನವನ್ನು ತಂದು, ಕಾಡುಗಳನ್ನು ಮೀಸಲೆಂದು ಗುರುತಿಸತೊಡಗಿದರು. ರೈಲಿಗೆ ಸೌದೆ ಕಡಿದವರು ಹಳ್ಳಿಗರಲ್ಲ. ಆದರೆ ಮೀಸಲಿನ ಗಡಿಕಲ್ಲು ನೆಟ್ಟ ಮೇಲೆ, ಹೊರೆ ಕಟ್ಟಿಗೆಗೂ ದನದ ಮೇವಿಗೂ ಅಪ್ಪಣೆ ಬೇಡಬೇಕಾಗಿ ಬಂದುದು ಹಳ್ಳಿಗರಿಗೆ. ಇತ್ತ ಇನ್ನೊಂದನ್ನೂ ಹೇಳಬೇಕು: ಮೀಸಲು ಎಂಬ ಆ ಕಟ್ಟಳೆ ಇಲ್ಲದೆ ಹೋಗಿದ್ದರೆ, ಇಂದು ಹೊಸೂರಿನ ಸುತ್ತ ಆನೆ ನಿಲ್ಲುವಷ್ಟು ನೆರಳೂ ಉಳಿಯುತ್ತಿರಲಿಲ್ಲ.

ಸೌದೆಯೂ ಬರಿದಾಗದ ಶಕ್ತಿಗಳ ಪಟ್ಟಿಗೇ ಸೇರಿದುದೆಂಬುದನ್ನು ನಾವು ಮರೆಯುತ್ತೇವೆ. ಕಡಿದ ಬುಡದಿಂದ ಮತ್ತೆ ಚಿಗುರು ಬರುತ್ತದೆ. ಬೆಳೆಯುವ ವೇಗಕ್ಕಿಂತ ಕಡಿಯುವ ವೇಗ ಹೆಚ್ಚಿದಾಗ ಮಾತ್ರ ಅದು ಬರಿದಾಗುತ್ತದೆ. ಬರಿದಾಗದೆಂಬ ಹೆಸರು ಒಂದು ವಸ್ತುವಿನ ಗುಣವನ್ನಷ್ಟೇ ಅಲ್ಲ, ಅದನ್ನು ಬಳಸುವವನ ಮಿತಿಯನ್ನೂ ಹೇಳುತ್ತದೆ.

ಇನ್ನು ನೀರಿನ ಕಥೆ. ಇದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ಈಚೆಗೆ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ನಡೆಸತೊಡಗಿದರು. ಗಣಿ ಆಳವಾದಷ್ಟೂ ಅದಿರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಕಲ್ಲನ್ನು ಕುಟ್ಟಿ ಪುಡಿಮಾಡಲು ಬೇಕಾದ ಶಕ್ತಿಯೂ ಏರುತ್ತ ಹೋಯಿತು. ಉಗಿಯಂತ್ರಗಳಿಗೆ ದೂರದಿಂದ ತಂದ ಕಲ್ಲಿದ್ದಲನ್ನೂ ಸುತ್ತಲಿನ ಸೌದೆಯನ್ನೂ ಸುಡಬೇಕಾಗಿತ್ತು. ಎರಡೂ ದುಬಾರಿ. ಅದೇ ಕಾಲಕ್ಕೆ ಅಮೆರಿಕದ ನಯಾಗರಾ ಜಲಪಾತದಿಂದ 26 ಮೈಲಿ ದೂರದ ಬಫಲೋ ಪಟ್ಟಣಕ್ಕೆ 1896ರಲ್ಲಿ ತಂತಿಯ ಮೂಲಕ ಶಕ್ತಿ ಹರಿದ ವಾರ್ತೆ ಬಂದಿತು. ಮೈಸೂರಿನ ಉಪ ಮುಖ್ಯ ಇಂಜಿನಿಯರಾಗಿದ್ದ ಜೋಲಿ ದ ಲೋಟ್ಬಿನಿಯೇರ್ ಎಂಬವರು ಕಾವೇರಿಯ ಶಿವನಸಮುದ್ರದಲ್ಲಿ ಅದನ್ನು ಮಾಡಬಹುದೆಂದು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರವರು ಆ ಸೂಚನೆಗೆ ಬೆನ್ನಾಗಿ ನಿಂತರು. ಗಣಿಯವರು ಶಕ್ತಿಯನ್ನು ಕೊಳ್ಳಲು ಒಪ್ಪಿದರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದಲೂ ಬಂದುವು. ಮದ್ದೂರಿನವರೆಗೆ ರೈಲು, ಅಲ್ಲಿಂದಾಚೆಗೆ ಎತ್ತಿನ ಬಂಡಿ ಮತ್ತು ಆನೆ. ಹೊಸ ಯುಗದ ಯಂತ್ರವನ್ನು ಹಳೆಯ ಯುಗದ ಶಕ್ತಿಯೇ ಎಳೆದು ತಂದಿತು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು. ಶೇಷಾದ್ರಿ ಅಯ್ಯರವರು ಅದನ್ನು ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡಿದ್ದರು. ತಲಾ 720 ಕಿಲೋವಾಟಿನ ಆರು ಯಂತ್ರಗಳು, 30,000 ವೋಲ್ಟಿಗೂ ಮೀರಿದ ಒತ್ತಡ, 92 ಮೈಲಿಗಳ ತಂತಿ. ಅಂದಿಗೆ ಅಷ್ಟು ದೂರದ ವಿದ್ಯುತ್ ಮಾರ್ಗ ಜಗತ್ತಿನಲ್ಲಿಯೇ ವಿರಳ. ವಿದ್ಯಾರ್ಥಿಗಳು ನಕ್ಷೆಯ ಮೇಲೆ ಶಿವನಸಮುದ್ರಕ್ಕೂ ಕೋಲಾರದ ಗಣಿಗೂ ನಡುವೆ ಒಂದು ಅಳತೆಪಟ್ಟಿಯನ್ನಿಟ್ಟು ಗೆರೆ ಎಳೆದು ನೋಡಬೇಕು. ಆ ಗೆರೆ ನಮ್ಮ ಹೊಸೂರಿನ ತೀರ ಸಮೀಪದಲ್ಲಿಯೇ ಹಾಯುತ್ತದೆ. ಗೆರೆಯ ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಚಿನ್ನ. ನಡುವಿನ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪ. ಬೆಂಗಳೂರಿಗೆ ವಿದ್ಯುದ್ದೀಪ ಬಂದುದು 1905ರ ಆಗಸ್ಟ್ 5ರಂದು. ಹಳ್ಳಿಗಳ ಸರದಿ ಬರಲು ಅರ್ಧ ಶತಮಾನವೇ ಹಿಡಿಯಿತು. 1947ರಲ್ಲಿ ಇಡೀ ಭಾರತದಲ್ಲಿ ವಿದ್ಯುತ್ತು ಕಂಡಿದ್ದ ಹಳ್ಳಿಗಳು ಸುಮಾರು 1,500 ಮಾತ್ರ.

ಜಲಶಕ್ತಿಯನ್ನು ಆ ಕಾಲದವರು 'ಬಿಳಿಯ ಕಲ್ಲಿದ್ದಲು' ಎಂದು ಕರೆದರು. ಹೊಗೆಯಿಲ್ಲ, ಬೂದಿಯಿಲ್ಲ, ನೀರು ಸವೆಯುವುದಿಲ್ಲ. ಚಕ್ರವನ್ನು ತಿರುಗಿಸಿ ಮತ್ತೆ ಹೊಳೆಗೇ ಸೇರುತ್ತದೆ. ಇಷ್ಟನ್ನೇ ನೋಡಿದರೆ ಇದಕ್ಕಿಂತ ನಿರಪಾಯವಾದ ಶಕ್ತಿ ಇಲ್ಲ. ಆದರೆ ಕಪ್ಪು ಕಲ್ಲಿದ್ದಲಿಗೆ ಇದ್ದ ಒಂದು ಗುಣ ಈ ಬಿಳಿಯ ಕಲ್ಲಿದ್ದಲಿಗೆ ಇರಲಿಲ್ಲ. ಕಲ್ಲಿದ್ದಲೆಂದರೆ ಲಕ್ಷಾಂತರ ವರ್ಷಗಳ ಬಿಸಿಲನ್ನು ಭೂಮಿಯೇ ಕೂಡಿಟ್ಟ ಗಂಟು. ಬೇಕೆಂದಾಗ ಬೇಕಾದಷ್ಟನ್ನು ಬಿಚ್ಚಿ ಸುಡಬಹುದು. ಹೊಳೆ ಹಾಗಲ್ಲ. ಆಷಾಢ ಶ್ರಾವಣಗಳಲ್ಲಿ ಗಗನಚುಕ್ಕಿ ಭರಚುಕ್ಕಿಗಳು ಭೋರ್ಗರೆಯುತ್ತವೆ. ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತದೆ. ಗಣಿಗೆ ಮಳೆಗಾಲ ಬೇಸಗೆಗಳೆಂಬ ಭೇದವಿಲ್ಲ; ಆಳದಲ್ಲಿ ಊರುವ ನೀರನ್ನು ಪಂಪು ಹಗಲಿರುಳೂ ಎತ್ತುತ್ತಿರಬೇಕು. ಹೀಗಾಗಿ ಬೇಸಗೆ ಬಂದಿತೆಂದರೆ ಶಕ್ತಿಗೆ ಕೊರತೆ ತಲೆದೋರುತ್ತಿತ್ತು.

ನೀರನ್ನು ಕೂಡಿಡಬೇಕು ಎಂಬ ವಿಚಾರ ಇಲ್ಲಿಂದ ಹುಟ್ಟಿತು. ಕನ್ನಂಬಾಡಿಯ ಕಟ್ಟೆಯೆಂದೊಡನೆ ನಮಗೆ ಮಂಡ್ಯದ ಭತ್ತದ ಗದ್ದೆಗಳೂ, 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯೂ ನೆನಪಾಗುತ್ತವೆ. ಆ ಪ್ರಯೋಜನಗಳು ಅಲ್ಪವಲ್ಲ. ಆದರೆ 1911ರಲ್ಲಿ ಕೆಲಸ ಆರಂಭವಾದಾಗ ಅವಸರದ ಕಾರಣವಾಗಿದ್ದುದು ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರು ಹರಿಸುವುದು, ಅಂದರೆ ಗಣಿಗೆ ತಪ್ಪದೆ ಶಕ್ತಿ ಒದಗಿಸುವುದು. ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಎರಡು ಪ್ರಯೋಜನಗಳನ್ನೂ ಒಂದೇ ಕಟ್ಟೆಯಲ್ಲಿ ಸೇರಿಸಿದರು. 124 ಅಡಿಯ ಕಟ್ಟೆ ಹಂತಹಂತವಾಗಿ ಎದ್ದು 1930ರ ದಶಕದ ಮೊದಲಲ್ಲಿ ಪೂರ್ಣವಾಯಿತು.

ಕೂಡಿಡುವುದಕ್ಕೆ ಸ್ಥಳ ಬೇಕು. ಆ ಸ್ಥಳದಲ್ಲಿ ಊರುಗಳಿದ್ದುವು. ಕನ್ನಂಬಾಡಿ ಎಂಬ ಊರು ತನ್ನ ಹೆಸರನ್ನು ಕಟ್ಟೆಗೆ ಕೊಟ್ಟು ತಾನು ನೀರಿನಡಿಗೆ ಹೋಯಿತು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯ ದಶಕಗಳ ಕಾಲ ಮುಳುಗಿದ್ದು, ಈ ಶತಮಾನದಲ್ಲಿ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲ್ಪಟ್ಟಿತು. ದೇವಾಲಯಕ್ಕೆ ಮರಳಿ ನೆಲೆ ಸಿಕ್ಕಿತು. ಒಕ್ಕಲುಗಳ ಚರಿತ್ರೆಯನ್ನು ಬರೆದವರು ಕಡಿಮೆ.

ಇನ್ನೊಂದು ಬೆಲೆ ರಾಜ್ಯಗಳ ನಡುವಿನದು. ಕಾವೇರಿಯ ಒಂದು ದಡದ ಕೊಳ್ಳೇಗಾಲ ಅಂದು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರಿಗೆ ಬಂದುದು 1956ರಲ್ಲಿ. ಹರಿಯುವ ನೀರಿನಿಂದ ಚಕ್ರ ತಿರುಗಿಸುವವರೆಗೆ ಕೆಳಗಿನವರಿಗೆ ನಷ್ಟವಿರಲಿಲ್ಲ. ನೀರನ್ನು ಹಿಡಿದಿಡುವ ಮಾತು ಬಂದೊಡನೆ ತಂಜಾವೂರಿನ ಗದ್ದೆಗಳ ಗತಿಯೇನೆಂದು ಮದರಾಸು ಸರ್ಕಾರ ಕೇಳಿತು. ಕೇಳಿದುದು ಅನ್ಯಾಯವೇನೂ ಅಲ್ಲ. 1914ರಲ್ಲಿ ಗ್ರಿಫಿನ್ ಎಂಬವರ ಮಧ್ಯಸ್ಥಿಕೆಯ ತೀರ್ಪು ಮೈಸೂರಿಗೆ ಅನುಕೂಲವಾಗಿ ಬಂದಿತು, ಮದರಾಸಿನವರು ಅದನ್ನೊಪ್ಪಲಿಲ್ಲ. ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಮೈಸೂರಿಗೆ ಕೃಷ್ಣರಾಜಸಾಗರ, ಮದರಾಸಿಗೆ ಮೆಟ್ಟೂರು. ಆ ಒಪ್ಪಂದದ 50 ವರ್ಷಗಳು ಕಳೆದ ಮೇಲೆ ಮತ್ತೆ ಎದ್ದ ವಿವಾದ 1990ರಲ್ಲಿ ನ್ಯಾಯಮಂಡಳಿಗೂ, 2007ರ ಅಂತಿಮ ತೀರ್ಪಿಗೂ, 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೂ ಹೋಯಿತು. ಗಡಿಯ ಈಚೆ ಕನ್ನಡ ಕಲಿಸುವ ನಮ್ಮಂಥವರಿಗೆ ಈ ವಿವಾದದ ಬಿಸಿ ಎಂಥದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಅದರ ಮೂಲದಲ್ಲಿ ಭತ್ತದೊಡನೆ ಚಿನ್ನದ ಗಣಿಯ ಪಂಪೂ ಇತ್ತೆಂಬುದು ಬಹುಮಂದಿಗೆ ತಿಳಿಯದ ಸಂಗತಿ.

ಮೆಟ್ಟೂರು 1934ರಲ್ಲಿ ಪೂರ್ಣವಾಯಿತು. 120 ಅಡಿಯ ಮಟ್ಟಕ್ಕೆ 93 ಟಿಎಂಸಿಗೂ ಹೆಚ್ಚು ನೀರು. ಅದರಡಿಯಲ್ಲಿಯೂ ಊರುಗಳು ಮುಳುಗಿದುವು. ಜಲಾಶಯ ಬತ್ತಿದ ವರ್ಷ ಜಲಕಂಠೇಶ್ವರ ದೇವಾಲಯದ ನಂದಿಯೂ, ಒಂದು ಹಳೆಯ ಇಗರ್ಜಿಯ ಜೋಡಿ ಗೋಪುರಗಳೂ ನೀರಿನಿಂದ ಮೇಲೆ ಕಾಣಿಸುತ್ತವೆ. ಸೇಲಂ, ಧರ್ಮಪುರಿಗಳ ಜನ ನೀರಿನ ಮಟ್ಟವನ್ನು ಅಡಿಗಳ ಲೆಕ್ಕಕ್ಕಿಂತ ನಂದಿಯ ಕೊಂಬಿನಿಂದ ಅಳೆಯುವುದೇ ಹೆಚ್ಚು.

ಇಷ್ಟೆಲ್ಲ ಬೆಲೆ ತೆತ್ತುದು ಯಾವ ಚಿನ್ನಕ್ಕಾಗಿಯೋ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. 3 ಕಿಲೋಮೀಟರಿಗೂ ಮೀರಿದ ಆಳ, ಸುಮಾರು 800 ಟನ್ ಚಿನ್ನ, ಮತ್ತು ಊರಿನ ನಡುವೆ ಉಳಿದ ಸೈನೈಡ್ ಮಣ್ಣಿನ ದಿಬ್ಬಗಳು. ಬೇಸಗೆಯ ಗಾಳಿಗೆ ಅವುಗಳ ಧೂಳು ಇಂದಿಗೂ ಮನೆಗಳೊಳಕ್ಕೆ ಬರುತ್ತದೆ. ಗಣಿ ಹೋಯಿತು, ಕಟ್ಟೆ ಉಳಿಯಿತು, ಗದ್ದೆ ಉಳಿಯಿತು, ವಿವಾದವೂ ಉಳಿಯಿತು. ಶಿವನಸಮುದ್ರದ ಕೇಂದ್ರವು ನೂರಿಪ್ಪತ್ತು ವರ್ಷಗಳನ್ನು ದಾಟಿದೆ. ಹೊಗೆಯಿಲ್ಲದ ಶಕ್ತಿಯ ಪರವಾಗಿ ಹೇಳುವುದಾದರೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಲ್ಲಿದ್ದಲನ್ನು ಒಮ್ಮೆ ಸುಟ್ಟರೆ ಮುಗಿಯಿತು. ಶಿವನಸಮುದ್ರದ ನೀರು ಪ್ರತಿ ವರ್ಷ ಹೊಸದಾಗಿ ಬರುತ್ತಿದೆ.

ಸ್ವಾತಂತ್ರ್ಯಾನಂತರ ಇದೇ ಕಥೆ ಶರಾವತಿಯಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. ಹಿರೇಭಾಸ್ಕರದ ಕಟ್ಟೆ 1948ರಲ್ಲಿ ಜೋಗದ ವಿದ್ಯುತ್ತಿಗೆ ನೀರೊದಗಿಸಿತು. 1964ರ ಲಿಂಗನಮಕ್ಕಿ ಆ ಕಟ್ಟೆಯನ್ನೇ ನುಂಗಿತು. ಸುಮಾರು 300 ಚದರ ಕಿಲೋಮೀಟರ್ ನೀರು ನಿಂತಿತು. ಕೆಳಗೆ 1,035 ಮೆಗಾವಾಟಿನ ಕೇಂದ್ರ ಬೆಳಗಿತು. ಅದರಿಂದ ನಾಡಿನ ಕೈಗಾರಿಕೆಗಳು ಬೆಳೆದುವು. ಮುಳುಗಡೆಯಾದವರಿಗೆ ಕೊಟ್ಟ ಕಾಡುಭೂಮಿಯ ಹಕ್ಕುಪತ್ರದ ವ್ಯಾಜ್ಯ ಮಾತ್ರ ಅರವತ್ತು ವರ್ಷ ಕಳೆದರೂ ತೀರಿಲ್ಲ. ಹಿನ್ನೀರಿನಾಚೆಯ ಸಿಗಂದೂರಿಗೆ ಸೇತುವೆ ಬಂದುದು 2025ರಲ್ಲಿ. ಅದುವರೆಗೆ ನಾಡಿಗೆ ಬೆಳಕು ಕೊಟ್ಟವರ ಮನೆಗೆ ಲಾಂಚಿನಲ್ಲಿ ಹೋಗಬೇಕಾಗಿತ್ತು.

ಹಾಗಾದರೆ ಕಲ್ಲಿದ್ದಲೇ ಲೇಸಾಗಿತ್ತೇ ಎಂದು ಯಾರಾದರೂ ಕೇಳಿಯಾರು. ಲೇಸಲ್ಲ. ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರ 1985ರಿಂದಲೂ, ಮೆಟ್ಟೂರಿನ ಕೇಂದ್ರ 1987ರಿಂದಲೂ ಕಲ್ಲಿದ್ದಲನ್ನು ಸುಡುತ್ತಿವೆ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಪಡೆಯಲು ಸುಮಾರು 700 ಗ್ರಾಂ ಸುಡಬೇಕು. ಅದರಲ್ಲಿ ಮೂರರಲ್ಲೊಂದು ಪಾಲು ಬೂದಿಯಾಗಿ ಉಳಿಯುತ್ತದೆ. ಒಂದು ಕಿಲೋಗ್ರಾಮಿನಷ್ಟು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಬೂದಿಯನ್ನು ಉಸಿರಾಡುವವರು ಸುತ್ತಲಿನ ಹಳ್ಳಿಗರು. ಗಾಳಿಗೆ ಸೇರಿದ ಇಂಗಾಲದ ಫಲವನ್ನು ಉಣ್ಣುವವರಿಗೆ ಎಲ್ಲೆಯೇ ಇಲ್ಲ. ಮುಂಗಾರು ತಪ್ಪಿದಾಗ ರಾಗಿ ಬೆಳೆಯುವವನೂ ಅವರಲ್ಲೊಬ್ಬ. ಕಲ್ಲಿದ್ದಲು ಅಗ್ಗವಾಗಿ ಕಂಡುದು ಈ ಲೆಕ್ಕವನ್ನು ಯಾರ ಬಿಲ್ಲಿನಲ್ಲಿಯೂ ಬರೆಯದೆ ಇದ್ದುದರಿಂದ.

ಈಗ ಬಿಸಿಲಿನ ಸರದಿ. ರಾಜಸ್ಥಾನದ ಭಡ್ಲಾದಲ್ಲಿ 2017ರಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಯಂತೆ ಸೌರವಿದ್ಯುತ್ತು ಕೊಡಲು ಕಂಪನಿಗಳು ಮುಂದೆ ಬಂದಾಗ, ಕಲ್ಲಿದ್ದಲಿಗಿಂತ ಬಿಸಿಲು ಅಗ್ಗವೆಂಬುದು ಸ್ಥಿರಪಟ್ಟಿತು. ನಮ್ಮ ಕನ್ನಡನಾಡಿನಲ್ಲಿ ಇದರ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ 2018ರಲ್ಲಿ ಆರಂಭವಾಗಿ 2019ರ ಕೊನೆಗೆ ಪೂರ್ಣವಾಯಿತು. ಶರಾವತಿಯೊಡನೆ ಹೋಲಿಸಿ ಒಂದು ಸಣ್ಣ ಲೆಕ್ಕ ಮಾಡಬಹುದು. ಪಾವಗಡದಲ್ಲಿ ಒಂದು ಮೆಗಾವಾಟಿಗೆ 6 ಎಕರೆಗೆ ತುಸು ಹೆಚ್ಚು ನೆಲ. ಲಿಂಗನಮಕ್ಕಿಯ 300 ಚದರ ಕಿಲೋಮೀಟರನ್ನು ಎಕರೆಗೆ ತಂದು 1,035ರಿಂದ ಭಾಗಿಸಿದರೆ ಸುಮಾರು 70 ಎಕರೆ. ಬಿಸಿಲು ಗೆದ್ದಂತೆ ಕಾಣುತ್ತದೆ. ಆದರೆ ಶರಾವತಿಯ ಲೆಕ್ಕದಲ್ಲಿ ಇರುಳೂ ಸೇರಿದೆ, ಬೇಸಗೆಯೂ ಸೇರಿದೆ. ಪಾವಗಡದ ಲೆಕ್ಕದಲ್ಲಿ ಇರುಳಿಲ್ಲ. ಸಂಜೆ ಆರಕ್ಕೆ ಅಲ್ಲಿನ 13,000 ಎಕರೆಯೂ ಮಲಗುತ್ತದೆ, ನಮ್ಮ ಮನೆಗಳಲ್ಲಿ ದೀಪ ಹತ್ತುವುದು ಆಗ.

ಪಾವಗಡದ ವಿಷಯದಲ್ಲಿ ಹಿಂದಿನದಕ್ಕಿಂತ ನ್ಯಾಯವಾದ ಒಂದು ಕ್ರಮವಾಯಿತೆಂದು ಒಪ್ಪಬೇಕು. ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ. ಮಳೆಯನ್ನು ನೆಚ್ಚಿ ಶೇಂಗಾ ಬಿತ್ತಿ ಸೋತ ರೈತನಿಗೆ ಇದು ತಪ್ಪದ ಆದಾಯ. ಪಹಣಿಯಲ್ಲಿ ಹೆಸರು ಇದ್ದವನಿಗೆ ಈ ಮಾತು. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವಳಿಗೂ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗುತ್ತಿಗೆಯ ಹಣವಿಲ್ಲ. ಅವರ ಹೆಸರು ಯಾವ ಪಹಣಿಯಲ್ಲಿಯೂ ಇರಲಿಲ್ಲ. 1882ರ ಗಡಿಕಲ್ಲಿಗೂ ಇಂದಿನ ತಂತಿಬೇಲಿಗೂ ನಡುವೆ ನೂರಮೂವತ್ತಾರು ವರ್ಷಗಳಿದ್ದರೂ, ಎರಡರ ಹೊರಗೆ ನಿಂತವನು ಬಹುಮಟ್ಟಿಗೆ ಒಬ್ಬನೇ.

ಇನ್ನು ಕೂಡಿಡುವ ಪ್ರಶ್ನೆ. ಶಿವನಸಮುದ್ರಕ್ಕೆ ಬೇಸಗೆಯಲ್ಲಿ ಬಂದ ಕೊರತೆಯೇ ಬಿಸಿಲಿಗೆ ದಿನದಿನವೂ ಬರುತ್ತದೆ. ಇದಕ್ಕೆ ಒಂದು ಉಪಾಯವಾಗಿ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಯೋಜನೆಯೊಂದನ್ನು ಸೂಚಿಸಲಾಗಿದೆ. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ಮೇಲಿನ ತಳಕಳಲೆಯ ಜಲಾಶಯಕ್ಕೆ ಎತ್ತಿ, ಸಂಜೆ ಅದನ್ನು ಮತ್ತೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು. ಎತ್ತಿಳಿಸುವುದರಲ್ಲಿ ಐದರಲ್ಲೊಂದು ಪಾಲಿನಷ್ಟು ಶಕ್ತಿ ನಷ್ಟವಾಗುತ್ತದೆ. ಅದು ಸಹಿಸಬಹುದಾದ ನಷ್ಟ. ಆದರೆ ಆ ಕಣಿವೆಯು ಸಿಂಗಳೀಕಗಳ ಅಭಯಾರಣ್ಯ. ಅಲ್ಲಿನ ಮರಗಳನ್ನು ಕಡಿದು ಸುರಂಗ ಕೊರೆಯುವುದು ಸಲ್ಲದೆಂದು ಮಲೆನಾಡಿನವರು ವಿರೋಧಿಸಿದ್ದಾರೆ. ಇಂಗಾಲವನ್ನು ತಡೆಯುವ ಉದ್ದೇಶದಿಂದ ಇಂಗಾಲವನ್ನು ಹಿಡಿದಿಟ್ಟಿರುವ ಕಾಡನ್ನೇ ಕಡಿಯುವುದು ಎಂಥ ಲೆಕ್ಕವೆಂಬ ಅವರ ಪ್ರಶ್ನೆಗೆ ಮೆಗಾವಾಟಿನ ಅಂಕಿಯೊಂದೇ ಉತ್ತರವಾಗಲಾರದು. ಶರಾವತಿಯವರು ಒಮ್ಮೆ ಬೆಲೆ ತೆತ್ತವರು. ಎರಡನೆಯ ಸಲವೂ ಅವರನ್ನೇ ಕೇಳುವ ಮೊದಲು ಬೇರೆ ಸ್ಥಳಗಳನ್ನೂ ಬೇರೆ ಉಪಾಯಗಳನ್ನೂ ಹುಡುಕಿ ನೋಡುವುದು ಯುಕ್ತವೆಂದು ನನಗೆ ತೋರುತ್ತದೆ.

ಎರಡನೆಯ ಉಪಾಯ ಬ್ಯಾಟರಿ. ಇದು ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಹೊಸೂರಿನ ಟಿವಿಎಸ್ ಮತ್ತು ಏಥರ್, ಪೋಚಂಪಳ್ಳಿಯ ಓಲಾ ಕಾರ್ಖಾನೆಗಳಿಂದ ವಿದ್ಯುತ್ ಸ್ಕೂಟರುಗಳು ಹೊರಟು ಊರೂರಿಗೆ ಹೋಗಿವೆ. ನಮ್ಮ ಶಾಲೆಗಳಲ್ಲಿ ಓದಿದ ಹುಡುಗ ಹುಡುಗಿಯರಿಗೆ ಇಂಥ ಕಾರ್ಖಾನೆಗಳಿಂದ ಕೆಲಸ ದೊರೆತಿದೆ. ಅದು ಸಣ್ಣ ಮಾತಲ್ಲ. ಆದರೆ ಬ್ಯಾಟರಿಯೊಳಗಿನ ಲಿಥಿಯಂ ಬರುವುದು ಚಿಲಿ, ಆಸ್ಟ್ರೇಲಿಯಾಗಳಂಥ ದೂರದೇಶಗಳ ನೆಲದಿಂದ. ಚಿಲಿಯ ಮರುಭೂಮಿಯಲ್ಲಿ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸಿ ಅದನ್ನು ತೆಗೆಯುತ್ತಾರೆ. ಅಲ್ಲಿನ ಹಳ್ಳಿಗರು ನೀರಿಗಾಗಿ ದೂರು ಹೇಳುತ್ತಿದ್ದಾರೆ. ಅಂದು ಕನ್ನಂಬಾಡಿ ಎಲ್ಲಿದೆಯೆಂದು ಕೋಲಾರದ ಗಣಿಯ ಷೇರುದಾರ ಲಂಡನಿನಲ್ಲಿ ಕೇಳಿರಲಾರನು. ಇಂದು ಸ್ಕೂಟರು ಕೊಂಡ ನಾವೂ ಆ ಉಪ್ಪಿನ ಬಯಲು ಎಲ್ಲಿದೆಯೆಂದು ಕೇಳಿಲ್ಲ.

ಕಾರ್ಖಾನೆಗಳಿಗೂ, ಹೆದ್ದಾರಿಗೂ, ಹೊಸ ವಿದ್ಯುತ್ ಮಾರ್ಗಗಳಿಗೂ ನೆಲ ಬೇಕು. ಹೊಸೂರು, ಶೂಲಗಿರಿಗಳ ನಡುವೆ ಆ ನೆಲವನ್ನು ಕೊಟ್ಟುದು ರಾಗಿಯ ಹೊಲಗಳು. ಆನೆಗಳ ಹಳೆಯ ಜಾಡು ತುಂಡಾಯಿತು. 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ ಘೋಷಿತವಾದುದು ಒಳ್ಳೆಯದೇ ಆಯಿತು. ಆದರೆ ಆನೆಗೆ ಗೆಜೆಟ್ಟು ಓದಲು ಬಾರದು. ಕೊಯ್ಲಿನ ಕಾಲಕ್ಕೆ ಅದು ಸಾನಮಾವಿಗೆ ಬಂದೇ ಬರುತ್ತದೆ.

ಬಂದಾಗ ಅದರೆದುರಿಗೆ ಇರುವುದು ಮೊದಲು ಹೇಳಿದ ಬೇಲಿ. ಅದರ ಹಲಗೆ ಬಹುಕಾಲ ಬಾಳುತ್ತದೆ. ಬಿಸಿಲಿಗೆ ಹಣ ಕೊಡಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ಬ್ಯಾಟರಿಯಾದರೋ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಹೊಸತನ್ನು ತರಬೇಕಾದರೆ ಒಮ್ಮೆಗೇ ಕೆಲವು ಸಾವಿರ ರೂಪಾಯಿ ಬೇಕು, ಹಳೆಯದರ ಸೀಸವನ್ನು ಎಲ್ಲಿಯೋ ಒಯ್ದು ಕರಗಿಸಬೇಕು. ಅನುದಾನದಿಂದ ಹಾಕಿದ ಬೇಲಿಯಾದರೆ ಬ್ಯಾಟರಿ ಬದಲಿಸುವ ಹೊಣೆ ಯಾರದೆಂಬುದು ಬೇಲಿ ಹಾಕಿದ ದಿನವೇ ಗೊತ್ತಾಗಿರಬೇಕು, ಹಾಗಾಗುವುದು ಅಪರೂಪ. ಬ್ಯಾಟರಿ ಸತ್ತ ಬೇಲಿ ಹಗಲಿನಲ್ಲಿ ನೋಡುವವರ ಕಣ್ಣಿಗೆ ಬೇಲಿಯಾಗಿಯೇ ಕಾಣುತ್ತದೆ. ಅದರಲ್ಲಿ ಶಕ್ತಿಯಿಲ್ಲವೆಂಬುದು ಮೊದಲು ತಿಳಿಯುವುದು ಇರುಳಿನಲ್ಲಿ, ಆನೆಗೆ; ಮರುದಿನ ಬೆಳಗ್ಗೆ, ರಾಗಿಯ ಒಡೆಯನಿಗೆ. ಹತ್ತಿರದ ಕಂಬದಿಂದ ಕೊಕ್ಕೆ ಹಾಕಿ ತಂತಿ ಎಳೆಯುವ ಕೆಟ್ಟ ಯೋಚನೆ ಒಬ್ಬನ ತಲೆಗೆ ಬರುವುದು ಅಂಥ ಬೆಳಗ್ಗೆಯೇ.